ಐಸುಲು ಊರನ್ನು ಹಿಡಿದ ಹನ್ನೊಂದು ಚಳಿಗಾಲ

ಬಿಷ್ಕೆಕ್, ವ್ಯಾನ್ ನಿಲ್ದಾಣ

ಸೀಟು ತುಂಬದೆ ವ್ಯಾನು ಹೊರಡುವುದಿಲ್ಲ ಎಂಬ ನಿಯಮ ಕಿರ್ಗಿಸ್ತಾನದಲ್ಲೂ ಇದೆ. ಒಂದೇ ಒಂದು ಸೀಟು ಖಾಲಿ ಇತ್ತು. ಆ ಒಬ್ಬರಿಗಾಗಿ ಎಲ್ಲರೂ ಕಾಯುತ್ತ ಕೂತಿದ್ದಾಗ, ಎತ್ತರದ ಬಿಳಿ ಉಣ್ಣೆ ಟೋಪಿ ಹಾಕಿದ್ದ ಮುದುಕರೊಬ್ಬರು ನನ್ನ ಕಡೆ ತಿರುಗಿದರು. ಯಾವ ದೇಶ, ಮಕ್ಕಳೆಷ್ಟು ಎಂದು ಕೇಳಲಿಲ್ಲ. ನಿಮ್ಮ ಏಳು ತಂದೆಯರ ಹೆಸರು ಹೇಳಿ ಎಂದರು.

ಆ ಪ್ರಶ್ನೆಯನ್ನು ನನಗೆ ಕನ್ನಡದಲ್ಲಿ ಹೇಳಿದವಳು ನನ್ನ ತಮ್ಮನ ಮಗಳು ಚೈತ್ರಾ. ಬಿಷ್ಕೆಕ್‌ನಲ್ಲಿ ವೈದ್ಯಕೀಯ ಓದುತ್ತಿದ್ದಾಳೆ, ಇದು ನಾಲ್ಕನೇ ವರ್ಷ. ರಷ್ಯನ್ ಭಾಷೆಯನ್ನು ಕಾಲೇಜಿನಲ್ಲಿ ಕಲಿತಳು, ಕಿರ್ಗಿಜ್ ಭಾಷೆಯನ್ನು ಬಾಡಿಗೆ ಮನೆಯ ಅಡುಗೆಕೋಣೆಯಲ್ಲಿ. ಈ ಬರಹದಲ್ಲಿ ಕಿರ್ಗಿಜ್ ಜನರೆಲ್ಲ ಯಲಹಂಕದವರ ಹಾಗೆ ಮಾತಾಡುತ್ತಾರೆ. ಅದರ ಹೊಣೆ ಅವಳದು. ಅವಳು ಹೇಳಿದ್ದನ್ನು ನಾನು ಅಲ್ಲಲ್ಲೇ ಬರೆದುಕೊಂಡೆ, ತಿದ್ದಲು ಹೋಗಲಿಲ್ಲ.

"ಏಳು ಅಪ್ಪಂದಿರು ಅಂದ್ರೆ?" ಎಂದೆ.

"ಅಪ್ಪ, ಅವರಪ್ಪ, ಅವರಪ್ಪ. ಹಂಗೇ ಏಳು ತಲೆಮಾರು ಅತ್ತೆ. ಇಲ್ಲಿ ಮಕ್ಕಳಿಗೆ ಅಕ್ಷರಕ್ಕಿಂತ ಮುಂಚೆ ಇದನ್ನ ಬಾಯಿಪಾಠ ಮಾಡಿಸ್ತಾರೆ. ಗೊತ್ತಿಲ್ಲ ಅಂದ್ರೆ ಪಾಪ ಅಂತ ನೋಡ್ತಾರೆ."

ನಾಲ್ಕು ಹೇಳಿದೆ. ಅಪ್ಪ, ತಾತ, ಮುತ್ತಾತ, ಅವರ ಅಪ್ಪ. ಅಲ್ಲಿಗೆ ನಿಂತಿತು. ಆ ನಾಲ್ಕಾದರೂ ಗೊತ್ತಿದ್ದದ್ದು ಬಾಗಲೂರಿನ ಜಮೀನಿನ ಕಾಗದಪತ್ರಕ್ಕೆಂದು ನಮ್ಮ ತವರಿನವರು ನಾಡಕಚೇರಿಯಲ್ಲಿ ವಂಶವೃಕ್ಷ ಮಾಡಿಸಿದ್ದರಿಂದ. ಮುದುಕರು ನನ್ನ ಕೈ ತಟ್ಟಿ ಸಮಾಧಾನ ಹೇಳಿದರು. ಆಮೇಲೆ ಹೆಬ್ಬಾಳ, ಕೊಡಿಗೇಹಳ್ಳಿ, ಬ್ಯಾಟರಾಯನಪುರ, ಜಕ್ಕೂರು ಎಂದು ಕಂಡಕ್ಟರ್ ಒಂದೇ ಉಸಿರಿನಲ್ಲಿ ಕೂಗುವ ಹಾಗೆ ತಮ್ಮ ಏಳೂ ಜನರನ್ನು ಹೇಳಿ ಮುಗಿಸಿದರು.

"ಏಳು ತಾಯಂದಿರ ಹೆಸರು ಕೇಳು" ಎಂದೆ.

ಚೈತ್ರಾ ಕೇಳಿದಳು. ಮುದುಕರು ತಾಯಿಯ ಹೆಸರು ಹೇಳಿದರು, ಅಜ್ಜಿಯದನ್ನು ಹೇಳಿದರು, ಅಲ್ಲಿಗೆ ನಿಂತರು. "ಅದನ್ನ ಯಾರೂ ಕೇಳಲ್ಲ" ಎಂದರು. ನಾನು ಕೇಳಿದೆನಲ್ಲ ಎಂದು ಹೇಳುವಷ್ಟರಲ್ಲಿ ಹದಿನಾರನೆಯ ಪ್ರಯಾಣಿಕ ಬಂದ, ವ್ಯಾನು ಹೊರಟಿತು.

ಹೊರಡುವ ಮುಂಚೆ ಯಲಹಂಕದಲ್ಲಿ ಕಂಡವರದ್ದೆಲ್ಲ ಒಂದೇ ಮಾತು. "ಅಲ್ಲೇನಿದೆ ಅಂತ ಹೋಗ್ತೀರಾ ಮೇಡಂ? ಸಿಂಗಪುರ ನೋಡ್ಕೊಂಡ್ ಬನ್ನಿ." ಏನೂ ಇಲ್ಲ ಎಂದು ಬೇರೆಯವರು ಹೇಳುವ ಊರುಗಳಿಗೆ ಹೋಗಿಯೇ ನಾನು ಪತ್ರಿಕೆಯ ಕೆಲಸ ಕಲಿತವಳು. ಮೂವತ್ತು ವರ್ಷ ಅದೇ ಮಾಡಿದ್ದೇನೆ, ಈಗ ಸ್ವಂತ ಖರ್ಚಿನಲ್ಲಿ ಇನ್ನೊಂದು ಸಲ ಮಾಡಿದರೆ ಯಾರಿಗೇನು ನಷ್ಟ?

ನಾನು ಹೊರಟದ್ದು ಒಂದು ಕಲ್ಲನ್ನು ನೋಡಲು. ಇನ್ನೂ ಕೆತ್ತದ ಕಲ್ಲು. ಚೈತ್ರಾಳ ಮನೆಯೊಡತಿ ಬೆರ್ಮೆತ್ ಎಂಬ ನಿವೃತ್ತ ಶಿಕ್ಷಕಿ; ಚಳಿಗಾಲ ಬಿಷ್ಕೆಕ್‌ನಲ್ಲಿ, ಉಳಿದ ಕಾಲ ತಮ್ಮ ಊರಿನಲ್ಲಿ ಇರುವವರು. ಅವರ ಊರಿನಲ್ಲಿ, ಹಿಂದೆ ಊರನ್ನು ಆಳಿದ ಎರಡು ಬುಡಕಟ್ಟು ಮನೆತನಗಳ ಹೆಸರುಗಳನ್ನು ಕಲ್ಲಿನಲ್ಲಿ ಕೆತ್ತಿಸಲು ಸಮಿತಿಯೊಂದು ನಿರ್ಧರಿಸಿತ್ತು. ಆ ಪಟ್ಟಿಯಲ್ಲಿ ಐಸುಲು ಎಂಬ ಹೆಂಗಸಿನ ಹೆಸರು ಇರಬೇಕೆಂದು ಬೆರ್ಮೆತ್ ಪಟ್ಟು ಹಿಡಿದಿದ್ದರು. ಸಮಿತಿ ಒಪ್ಪಿರಲಿಲ್ಲ. ನಾಲ್ಕು ದಿನದಲ್ಲಿ ಉಳಿ ಬೀಳಲಿತ್ತು.

ಊರಿಗೆ ಇಲ್ಲಿ ಅಕ್‌ಕೊರ್ಗೊನ್ ಎಂದು ಹೆಸರಿಟ್ಟಿದ್ದೇನೆ. ಅಲ್ಲಿನವರ ಕೋರಿಕೆಯಂತೆ ನಿಜವಾದ ಹೆಸರು ಬಿಟ್ಟಿದ್ದೇನೆ. ಬೇರೆ ಯಾವುದನ್ನೂ ಬದಲಿಸಿಲ್ಲ.

ಕಣಿವೆಯ ರಸ್ತೆ

ಕಣಿವೆಯ ಅರ್ಧದಲ್ಲಿ ಟೈರು ಪಂಕ್ಚರ್ ಆಯಿತು. ಸ್ಟೆಪ್ನಿ ಇತ್ತು, ಜಾಕ್ ಇರಲಿಲ್ಲ. ಜಾಕ್ ಭಾವಮೈದುನನ ಗಾಡಿಯಲ್ಲಿದೆ ಎಂದು ಚಾಲಕ ಶಾಂತವಾಗಿ ಹೇಳಿದ. ಜನ ಅಷ್ಟೇ ಶಾಂತವಾಗಿ ಇಳಿದರು. ಹೆಬ್ಬಾಳದ ಮೇಲ್ಸೇತುವೆಯ ಮೇಲೆ ಒಂದು ಗಾಡಿ ಎರಡು ನಿಮಿಷ ನಿಂತರೆ ಹಿಂದಿನವರು ಹಾರ್ನಿನ ಮೇಲೆಯೇ ಕೂತುಬಿಡುತ್ತಾರೆ. ಇಲ್ಲಿ ಒಬ್ಬ ಹೆಂಗಸು ಬಂಡೆಯ ಮೇಲೆ ಬಟ್ಟೆ ಹಾಸಿದಳು. ಐದು ನಿಮಿಷದಲ್ಲಿ ಅದರ ಮೇಲೆ ದುಂಡನೆಯ ರೊಟ್ಟಿ, ಬೆಣ್ಣೆ, ಜಾಮು, ಯಾರದೋ ಚೀಲದಿಂದ ಸೌತೆಕಾಯಿ ಬಂದವು. ಹದಿನಾರು ಜನ ಪರಿಚಯವಿಲ್ಲದವರು ಒಂದೇ ಮನೆಯವರ ಹಾಗೆ ಸುತ್ತ ಕೂತರು.

ನಾನು ರೊಟ್ಟಿಯ ಒಂದು ತುಂಡು ಮುರಿದುಕೊಂಡು ಉಳಿದದ್ದನ್ನು ಕೆಳಗಿಟ್ಟೆ. ಮಾತು ನಿಂತಿತು. ಟೋಪಿಯ ಮುದುಕರು ಕೈ ಚಾಚಿ ಆ ರೊಟ್ಟಿಯನ್ನು ತಿರುಗಿಸಿ ಇಟ್ಟರು. ಮಾತು ಮತ್ತೆ ಶುರುವಾಯಿತು.

"ಅತ್ತೆ, ರೊಟ್ಟಿ ಬೋರಲು ಇಡ್ಬಾರ್ದು."

"ಯಾಕೆ?"

"ಯಾಕೆ ಅಂತ ಯಾರೂ ಹೇಳಲ್ಲ. ಚಪ್ಲಿ ಬೋರಲು ಬಿದ್ರೆ ಅಜ್ಜಿ ಬೈತಿರ್ಲಿಲ್ವಾ, ಹಂಗೆ ಅನ್ಕೊಳಿ."

ನಾವು ಯಾರ ಮನೆಗೆ ಹೋಗುತ್ತಿದ್ದೇವೆಂದು ಮುದುಕರು ವಿಚಾರಿಸಿದರು. ಬೆರ್ಮೆತ್ ಹೆಸರು ಕೇಳಿ ಮುಗುಳ್ನಕ್ಕರು. ಅವರೂ ಅದೇ ಊರಿನವರು, ಎದುರು ಮನೆತನದ ಹಿರಿಯರು.

"ಒಳ್ಳೆ ಟೀಚರ್. ನನ್ನ ಮೂರೂ ಮಕ್ಕಳಿಗೆ ಪಾಠ ಹೇಳಿದ್ದಾರೆ. ಆದ್ರೆ ಅವರ ಹತ್ರ ಒಂದು ಹಳೇ ಕಾಗದ ಇದೆ. ಅದ್ರಲ್ಲಿ ಇರೋದು ಅವರೊಬ್ಬರಿಗೇ ಕಾಣುತ್ತೆ."

ಸುಳ್ಳು ಹೇಳುತ್ತಾರೆ ಎನ್ನುವುದನ್ನು ಇಷ್ಟು ಮರ್ಯಾದೆಯಾಗಿ ಹೇಳಿದ್ದನ್ನು ನಾನು ಕೇಳಿರಲಿಲ್ಲ. ಬರೆದುಕೊಂಡೆ. ಮುಂದೆ ಬಂದ ಲಾರಿಯೊಂದು ತಾನಾಗಿ ನಿಂತು ಜಾಕ್ ಕೊಟ್ಟಿತು.

ಅಕ್‌ಕೊರ್ಗೊನ್, ಮೊದಲ ದಿನ

ಬೆರ್ಮೆತ್‌ಗೆ ಎಪ್ಪತ್ತರ ಹತ್ತಿರ. ಗಿಡ್ಡ ಆಳು, ದಪ್ಪ ಕನ್ನಡಕ, ಯಾರ ಮಾತನ್ನಾದರೂ ಕೊನೆಯವರೆಗೆ ಕೇಳಿ ಆಮೇಲೆ ತಪ್ಪು ತೋರಿಸುವ ಸ್ವಭಾವ. ಊರಿನ ಶಾಲೆಯಲ್ಲಿ ಇತಿಹಾಸ ಕಲಿಸಿದವರು. ಎಲ್ಲರೂ ಅವರನ್ನು ಎಜೆ ಎನ್ನುತ್ತಾರೆ, ಎಂದರೆ ಅಕ್ಕ. ಮೊಮ್ಮಕ್ಕಳಿರುವ ಹಳೆಯ ವಿದ್ಯಾರ್ಥಿಗಳೂ ಎಜೆ ಎಂದೇ ಕರೆದು ಎದ್ದು ನಿಲ್ಲುತ್ತಾರೆ.

ಅವರ ಮನೆಯಲ್ಲಿ ನಾನು ಹತ್ತು ನಿಮಿಷದೊಳಗೆ ಎರಡು ತಪ್ಪು ಮಾಡಿದೆ. ನಮ್ಮಲ್ಲಿ ಹೊಸ ಮನೆಗೆ ಹೋದರೆ ಬಾಗಿಲ ಹತ್ತಿರದ ಕುರ್ಚಿಯ ತುದಿಯಲ್ಲಿ ಕೂರುವುದು ಸಭ್ಯತೆ. ಹಾಗೇ ಬಾಗಿಲ ಪಕ್ಕದ ಹಾಸಿನ ಮೇಲೆ ಕೂತೆ. ಬೆರ್ಮೆತ್‌ರ ಸೊಸೆ ಕೈಯಲ್ಲಿ ಟೀ ಹಿಡಿದು ನಿಂತೇ ಇದ್ದಳು.

"ಅತ್ತೆ, ಎದ್ದೇಳಿ. ಅದು ಸೊಸೆ ಜಾಗ. ಗೆಸ್ಟು ಬಾಗಿಲಿಂದ ದೂರ, ಆ ಗೋಡೆ ಹತ್ರ ಕೂರ್ಬೇಕು. ನಿಮ್ಗೆ ಬೇಜಾರಾಗಿದೆ ಅನ್ಕೊಂಡಿದಾರೆ."

ಎದ್ದು ಗೋಡೆಯ ಹತ್ತಿರ ಹೋಗಿ ಕೂತೆ. ಟೀ ಬಂತು. ಬಟ್ಟಲಿನಲ್ಲಿ ಅರ್ಧವೇ ಇತ್ತು. ಬೈ-ಟು ಕಾಫಿ ಕುಡಿದು ಬೆಳೆದವಳಾದ್ದರಿಂದ ನನಗೆ ಅರ್ಧ ಹೊಸದಲ್ಲ. ಆದರೆ ಆ ದಿನ ದಣಿವಿತ್ತು. ತುಂಬ ಹಾಕಮ್ಮ ಎಂದು ಸನ್ನೆ ಮಾಡಿದೆ. ಸೊಸೆ ಬೆರ್ಮೆತ್‌ರ ಮುಖ ನೋಡಿದಳು.

"ತುಂಬಾ ಹಾಕಿದ್ರೆ ಕುಡಿದು ಎದ್ದು ಹೋಗಿ ಅಂತ ಅರ್ಥ" ಎಂದಳು ಚೈತ್ರಾ. "ಅರ್ಧರ್ಧ ಹಾಕಿ ಹತ್ತು ಸಲ ಕೊಟ್ರೆ ನಿಮ್ಮ ಮೇಲೆ ಪ್ರೀತಿ ಇದೆ ಅಂತ."

ಬೆರ್ಮೆತ್ ನಕ್ಕುಬಿಟ್ಟರು. "ಬಂದು ಕಾಲು ಗಂಟೆ ಆಗಿಲ್ಲ, ಆಗ್ಲೇ ಹೊರಡ್ತಾರಂತಾ? ಕಲ್ಲು ನೋಡಿ ಹೋಗ್ಲಿ." ಹನ್ನೊಂದು ಅರ್ಧ ಬಟ್ಟಲು ಕುಡಿದೆ.

ಎರಡನೇ ದಿನ, ಕೋಟೆ ಮತ್ತು ಶಾಲೆ

ಕೋಟೆ ಎಂದರೆ ಈಗ ಮಣ್ಣಿನ ಒಂದು ದಿಬ್ಬ, ಒಳಗೆ ಯಾರದೋ ಹಸುಗಳು. ಹಳೇ ಯಲಹಂಕದಲ್ಲಿ ನಾಡಪ್ರಭುಗಳ ಕೋಟೆ ಹೋಗಿ ಕೋಟೆ ಬೀದಿ ಎಂಬ ಹೆಸರಷ್ಟೇ ಉಳಿದಿದೆ. ಇಲ್ಲಿ ಮಣ್ಣಾದರೂ ಇದೆ ಎಂದುಕೊಂಡೆ.

ದಿಬ್ಬದ ಮೇಲೆ ನಿಂತು ಬೆರ್ಮೆತ್ ಊರಿನ ಚರಿತ್ರೆ ಹೇಳಿದರು. ನದಿ ಊರನ್ನು ಎರಡಾಗಿ ಸೀಳುತ್ತದೆ. ಮೇಲಿನ ದಂಡೆಯಲ್ಲಿ ಒಂದು ಮನೆತನ, ಕೆಳಗಿನ ದಂಡೆಯಲ್ಲಿ ಇನ್ನೊಂದು. ಎರಡೂ ಒಂದೇ ಬುಡಕಟ್ಟಿನ ಕವಲು. ಅವರ ಮುಖ್ಯಸ್ಥರಿಗೆ ಮನಾಪ್ ಎಂದು ಹೆಸರು, ನಮ್ಮ ಪಾಳೇಗಾರರ ಹಾಗೆ. ಬೇಸಿಗೆಯ ಹುಲ್ಲುಗಾವಲಿಗೆ ಹೋಗುವ ಕಣಿವೆದಾರಿ ಮೇಲಿನವರ ಕೈಯಲ್ಲಿ. ನದಿ ದಾಟುವ ಕಡವು, ಹಿಟ್ಟಿನ ಗಿರಣಿಗಳು ಕೆಳಗಿನವರ ಕೈಯಲ್ಲಿ. ಒಬ್ಬರಿಲ್ಲದೆ ಒಬ್ಬರು ಬದುಕುವಂತಿಲ್ಲ, ಅದಕ್ಕೇ ಜಗಳ. ರಷ್ಯದ ಚಕ್ರವರ್ತಿಯ ಅಧಿಕಾರಿಗಳು ಬಂದರು. ತಮಗೆ ಬಾಗಿದ ಮನಾಪರಿಗೆ ಕಸೂತಿಯ ನಿಲುವಂಗಿ, ಪದಕ ಕೊಟ್ಟರು. ಆಮೇಲೆ ಸೋವಿಯತ್ ಆಡಳಿತ ಬಂತು. ಆ ನಿಲುವಂಗಿ ಯಾರ ಮನೆಯಲ್ಲಿ ಸಿಕ್ಕಿತೋ ಅವರನ್ನು ರೈಲು ಹತ್ತಿಸಿ ಕಳಿಸಿತು. ಉಳಿದವರು ತಾವು ಮನಾಪರ ಮಕ್ಕಳೆಂಬುದನ್ನು ಬಾಯಿಬಿಡಲಿಲ್ಲ. ಏಳು ತಂದೆಯರ ಹೆಸರನ್ನು ಪಿಸುಮಾತಿನಲ್ಲಿ ಕಲಿಸಿದರು.

"ಈಗ?"

"ಈಗ ಊರಲ್ಲಿ ಮನಾಪ್ ಮೊಮ್ಮಗ ಅಲ್ಲದೇ ಇರೋ ಒಬ್ಬ ಕುರಿ ಕಾಯೋನ್ನ ತೋರ್ಸಿ" ಎಂದರು.

ನನಗೆ ನಗು ಬಂತು. ಬಾಗಲೂರು ಕ್ರಾಸಿನ ಫ್ಲೆಕ್ಸ್‌ಗಳಲ್ಲಿ ಕಿರೀಟ, ಕತ್ತಿ ಹಿಡಿದು ನಿಂತವರ ಮುಖಗಳು ನೆನಪಾದವು.

ಐಸುಲು ಕೆಳಗಿನ ದಂಡೆಯ ಐದನೆಯ ಮನಾಪನ ಹೆಂಡತಿ, ಬೆರ್ಮೆತ್‌ರ ಅಜ್ಜಿಯ ಅಜ್ಜಿ. ಗಂಡ ಸತ್ತಾಗ ಮಗನಿಗೆ ಎರಡು ವರ್ಷ. ಮೇಲಿನವರು ಕಣಿವೆದಾರಿ ಮುಚ್ಚಿದರು. ಆಕೆ ಕುದುರೆ ಹತ್ತಿ ದನಕುರಿಗಳ ಮುಂದೆ ಸಾಗಿ, ದಾರಿ ಬಿಡಿಸಿಕೊಂಡಳು. ರಷ್ಯದ ಅಧಿಕಾರಿ ಮಗುವಿನ ಹೆಸರಿನಲ್ಲಿ ನಿಲುವಂಗಿ ಕಳಿಸಿದಾಗ ಅದನ್ನು ವಾಪಸು ಕಳಿಸಿದಳು. ಇದು ಮಗುವಿಗೆ ದೊಡ್ಡದಾಯಿತು, ಊರು ನೋಡಿಕೊಳ್ಳುತ್ತಿರುವವಳು ನಾನು, ನನ್ನ ಅಳತೆಗೆ ಹೊಲಿಸಿ ಎಂದು ಹೇಳಿಕಳಿಸಿದಳಂತೆ. ಈ ಕಥೆ ಬೆರ್ಮೆತ್ ತಮ್ಮ ಅಜ್ಜಿಯಿಂದ ಕೇಳಿದ್ದು. ಇದಕ್ಕೆ ಬೇರೆ ದಾಖಲೆ ಇಲ್ಲ. ಇಲ್ಲವೆಂದು ಅವರೇ ಹೇಳಿದರು.

ದಾಖಲೆ ಇರುವುದು ಆಳಿಕೆಗೆ. ಶಾಲೆಯ ಒಂದು ಕೋಣೆಯಲ್ಲಿರುವ ಪುಟ್ಟ ವಸ್ತುಸಂಗ್ರಹಾಲಯದಲ್ಲಿ ಬೆರ್ಮೆತ್ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಒಂದು ಕಾಗದವನ್ನು ಬಿಚ್ಚಿ ತೋರಿಸಿದರು. ಕೆಳಗಿನ ದಂಡೆಯವರ ವಂಶಾವಳಿ, ಅರಬ್ಬಿ ಲಿಪಿಯ ಹಳೆಯ ಕೈಬರಹ. ಪೊಲೀಸರು ಮನೆ ಮನೆ ಜಾಲಾಡಿದ ಕಾಲದಲ್ಲಿ ಇದನ್ನು ಉಣ್ಣೆಯ ಜಮಖಾನೆಯ ಎರಡು ಪದರಗಳ ನಡುವೆ ಇಟ್ಟು ಹೊಲಿದಿದ್ದರು. ದೇಶದ ಲಿಪಿ ಆಮೇಲೆ ಬದಲಾಯಿತು. ಈಗಿನವರು ಓದುವುದು ರಷ್ಯನ್ ಅಕ್ಷರ. ಹಳೆಯದನ್ನು ಬೆರ್ಮೆತ್ ನಿವೃತ್ತಿಯ ನಂತರ ಕಲಿತರು. ಊರಿನಲ್ಲಿ ಬೇರೆ ಯಾರಿಗೂ ಆ ಕೈಬರಹ ಬಾರದು. ಐದನೆಯ ಹೆಸರಿನ ಕೆಳಗೆ ಬೆರಳಿಟ್ಟು ಅವರು ಓದಿದರು: "ಐಸುಲು ಹನ್ನೊಂದು ಚಳಿಗಾಲ ಜನವನ್ನು ಹಿಡಿದಳು." ಎಂದರೆ ಹನ್ನೊಂದು ವರ್ಷ ಆಳಿದಳು.

ಸಮಿತಿಯ ಹತ್ತಿರವಿದ್ದ ಬೆರಳಚ್ಚಿನ ಪ್ರತಿಯಲ್ಲಿ ಆ ಸಾಲಿಲ್ಲ. ಅದರ ಪ್ರಕಾರ ಐದನೆಯವನ ನಂತರ ಎರಡು ವರ್ಷದ ಮಗುವೇ ಊರು ಆಳಿದೆ.

"ನಿಮ್ಮ ಕಡೆ ಹೇಗೆ?" ಎಂದು ಬೆರ್ಮೆತ್ ಕೇಳಿದರು.

ಹೇಳಿದೆ. ಬಾಗಲೂರು, ದೇವನಹಳ್ಳಿ ಕಡೆ ಜಮೀನಿಗೆ ಬೆಲೆ ಬಂದಾಗ ಪ್ರತಿ ಮನೆಯಲ್ಲೂ ವಂಶವೃಕ್ಷ ಮಾಡಿಸಿದರು. ಹಲವು ಮನೆಗಳಲ್ಲಿ ಆ ಮರಕ್ಕೆ ಹೆಣ್ಣುಮಕ್ಕಳ ಕೊಂಬೆಯೇ ಇರಲಿಲ್ಲ. ಅದರ ಬಗ್ಗೆ ನಾನು ಸರಣಿ ವರದಿ ಬರೆದೆ. ಅದೇ ವರ್ಷ ನನ್ನ ತಮ್ಮ ಕಾಗದ ತಂದ. "ಇಂಗೆ ಒಂದು ಸೈನ್ ಆಕ್ಬುಡಕ್ಕ, ಅರ್ಜೆಂಟು" ಎಂದ. ಕಚೇರಿಗೆ ಹೊರಟಿದ್ದೆ. ಸ್ಕೂಟರಿನ ಸೀಟಿನ ಮೇಲೆ ಇಟ್ಟು ಸಹಿ ಮಾಡಿದೆ. ಓದಲಿಲ್ಲ. ಅಪ್ಪನಿಗೆ ಒಬ್ಬನೇ ಮಗ, ಬೇರೆ ವಾರಸುದಾರರಿಲ್ಲ ಎಂದು ಅದರಲ್ಲಿ ಬರೆದಿತ್ತು; ಸಾಕ್ಷಿಯ ಜಾಗದಲ್ಲಿ ನನ್ನ ಸಹಿ.

ಚೈತ್ರಾ ಅರ್ಧಕ್ಕೇ ಅನುವಾದ ನಿಲ್ಲಿಸಿದಳು. "ನಮ್ಮಪ್ಪಾನಾ?"

"ನಿಮ್ಮಪ್ಪನೇ. ಪೂರ್ತಿ ಹೇಳು."

ಬೆರ್ಮೆತ್ ಕೇಳಿದರು. ಸಮಾಧಾನದ ಮಾತೇನೂ ಆಡಲಿಲ್ಲ. "ಓದು ಬರ್ತಿತ್ತಲ್ವಾ ನಿಮ್ಗೆ?" ಎಂದರು, ಕಾಗದವನ್ನು ಬಟ್ಟೆಯಲ್ಲಿ ಸುತ್ತಿದರು.

ಮೂರನೇ ದಿನ, ಬೆಳಗ್ಗೆ

ಸಮಿತಿಯ ಅಧ್ಯಕ್ಷ ತೆಮಿರ್‌ಬೆಕ್ ಬಂದ. ಮೇಲಿನ ದಂಡೆಯವನು, ಅಂಗಡಿ ಇಟ್ಟುಕೊಂಡವನು, ಬೆರ್ಮೆತ್‌ರ ಹಳೆಯ ವಿದ್ಯಾರ್ಥಿ. ಒಳ್ಳೆಯ ಮನುಷ್ಯ. ಜಗಳ ಬೇಡ ಎನ್ನುವವರೆಲ್ಲ ಒಳ್ಳೆಯವರಾಗಿಯೇ ಕಾಣುತ್ತಾರೆ.

"ಎಜೆ, ಕಲ್ಲಲ್ಲಿ ಈ ಕಡೆ ಏಳು ಗೆರೆ, ಆ ಕಡೆ ಏಳು. ಸಮಸಮ. ನಿಮ್ಮ ಕಡೆ ಎಂಟಾದ್ರೆ ನಮ್ಮೋರು ನನ್ನ ಮನೆ ಬಾಗಿಲಿಗೆ ಬರ್ತಾರೆ."

"ಬರ್ಲಿ. ಟೀ ಕೊಡು."

"ತಮಾಷೆ ಅಲ್ಲ ಎಜೆ. ವಂಶಾವಳೀಲಿ ಹೆಂಗಸ್ರು ಬರೋ ಪದ್ಧತಿ ಇಲ್ಲ."

"ಕಾಗದದಲ್ಲಿ ಬಂದಿದ್ದಾಳೆ."

"ಅದನ್ನ ಓದೋರು ನೀವೊಬ್ರೇ."

"ಕಲ್ತ್ಕೋ ಅಂತ ಮೂರು ಸಲ ಕರ್ದೆ. ಕ್ಲಾಸಲ್ಲೂ ಹಿಂದಿನ ಬೆಂಚಲ್ಲೇ ಕೂತ್ಕೊಂಡಿದ್ದೆ ನೀನು."

ಅವನು ನಗಲಿಲ್ಲ. ಮಧ್ಯಾಹ್ನ ಎರಡೂ ದಂಡೆಯ ಹಿರಿಯರ ಊಟ, ಮರುದಿನ ಬೆಳಗ್ಗೆ ಕೆತ್ತನೆ ಎಂದ. ಆಮೇಲೆ ನನ್ನ ಕಡೆ ತಿರುಗಿದ. ಬೆರಳಚ್ಚಿನ ಪ್ರತಿ ಹಳೆಯ ಕಾಗದದಂತೆಯೇ ಇದೆ ಎಂದು ಒಂದು ಪುಸ್ತಕದಲ್ಲಿ ಬರೆದು ಎಲ್ಲರೂ ಸಹಿ ಹಾಕುತ್ತಾರೆ. ಎರಡು ದಂಡೆಗೂ ಸೇರದ, ಪತ್ರಿಕೆಯ ಒಬ್ಬ ಹೆಂಗಸು ಸಾಕ್ಷಿ ಹಾಕಿದರೆ ನಾಳೆ ಯಾರೂ ಬಾಯಿ ಎತ್ತುವುದಿಲ್ಲ. "ಒಂದು ಸೈನ್ ಅಷ್ಟೇ. ನಿಮ್ಗೇನು ಕಷ್ಟ?"

"ಹಳೇ ಕಾಗದವನ್ನ ಓದಿಸದೆ ನಾನು ಸಹಿ ಹಾಕಲ್ಲ" ಎಂದೆ.

ಬೆರ್ಮೆತ್ ತಲೆಯಾಡಿಸಿ ಎದ್ದರು, ಕಾಗದ ತರಲು.

"ಅವರು ಓದೋದು ಬೇಡ. ಬೇರೆ ಯಾರಾದರೂ ಓದಬೇಕು" ಎಂದೆ.

ಚೈತ್ರಾ ನನ್ನ ಮುಖ ನೋಡಿದಳು. "ಇದನ್ನ ಹೇಳ್ಲಾ ಅತ್ತೆ?"

"ಹೇಳು."

ಹೇಳಿದಳು. ಬೆರ್ಮೆತ್ ನಿಂತಲ್ಲೇ ನಿಂತರು. ನನ್ನ ವೃತ್ತಿಯಲ್ಲಿ ಒಬ್ಬರು ಹೇಳಿದ್ದು ಸುದ್ದಿಯಲ್ಲ. ಹೇಳಿದವರು ನಮ್ಮವರಾದರೆ, ಅವರ ಮನೆಯ ಊಟ ಮಾಡಿದ್ದರೆ, ಇನ್ನೂ ಅಲ್ಲ. ಎರಡನೆಯ ಮೂಲ ಬೇಕು. ಕಿರಿಯ ವರದಿಗಾರರಿಗೆ ಇದನ್ನು ನೂರು ಸಲ ಹೇಳಿದ್ದೇನೆ. ಯಾರೊಬ್ಬರ ಅಡುಗೆಕೋಣೆಯಲ್ಲಿ, ಅವರ ಮುಖ ನೋಡಿಕೊಂಡು ಹೇಳಿದ್ದು ಅದೇ ಮೊದಲು.

ತೆಮಿರ್‌ಬೆಕ್‌ನ ಮುಖ ಅರಳಿತು. ಮಸೀದಿಯ ಇಮಾಮ್ ತನ್ನ ಅಕ್ಕನ ಮಗ, ಪರದೇಶದಲ್ಲಿ ಅರಬ್ಬಿ ಓದಿ ಬಂದವನು, ಹಳೆಯ ಕೈಬರಹ ಕಷ್ಟವಾದರೂ ಅಕ್ಷರ ಕೂಡಿಸಿ ಓದಿಯಾನು ಎಂದ.

"ಕರ್ಸು" ಎಂದರು ಬೆರ್ಮೆತ್. "ಅವಳ ಹೆಸರು ಅದ್ರಲ್ಲಿ ಇಲ್ಲ ಅಂದ್ರೆ, ಈ ಊರಲ್ಲಿ ನಾನು ಹೇಳಿದ ಪಾಠ ಎಲ್ಲಾ ಸುಳ್ಳು ಅಂತ ಊಟದ ಮುಂದೆ ನಾನೇ ಎದ್ದು ಹೇಳ್ತೀನಿ."

ಅವನು ಹೋದ ಮೇಲೆ ಅವರು ನನ್ನ ಜೊತೆ ಮಾತಾಡಲಿಲ್ಲ. ಸೊಸೆ ನನ್ನ ಬಟ್ಟಲಿಗೆ ಟೀ ಹಾಕಿದಳು, ಅರ್ಧವೇ.

"ಅತ್ತೆ, ಏನ್ ಮಾಡ್ಬಿಟ್ರಿ? ಆ ಹುಡ್ಗ ಮಾವನ ಪರವಾಗಿ ಓದಿದ್ರೆ?"

"ಓದಬಹುದು."

"ಅಷ್ಟೇನಾ?"

ಅಷ್ಟೇ ಆಗಿರಲಿಲ್ಲ. ಬೆರ್ಮೆತ್ ಓದಿದ್ದು ನಿಜವೋ, ಅಜ್ಜಿಯ ಮೇಲಿನ ಪ್ರೀತಿಗೆ ಒಂದು ಸಾಲು ಸೇರಿಸಿಕೊಂಡರೋ ನನಗೆ ಗೊತ್ತಿರಲಿಲ್ಲ. ಅದನ್ನು ಅವಳಿಗೆ ಹೇಳಲಿಲ್ಲ.

ಮೂರನೇ ದಿನ, ಮಧ್ಯಾಹ್ನ

ಶಾಲೆಯ ಬಯಲಿನಲ್ಲಿ ಉಣ್ಣೆಯ ದೊಡ್ಡ ಗುಡಾರ. ಸುತ್ತ ಇಪ್ಪತ್ತು ಹಿರಿಯರು, ವಯಸ್ಸಿನ ಕ್ರಮದಲ್ಲಿ. ಬೆಂದ ಕುರಿಯ ಯಾವ ಮೂಳೆ ಯಾರ ತಟ್ಟೆಗೆ ಎಂಬುದೂ ವಯಸ್ಸು, ಮನೆತನ ನೋಡಿಯೇ ನಿರ್ಧಾರವಾಗುತ್ತದೆ. ಒಂದು ತಟ್ಟೆ ಅತ್ತಿತ್ತ ಆಗದಂತೆ ತೆಮಿರ್‌ಬೆಕ್ ಬೆವರುತ್ತ ಓಡಾಡಿದ. ನಮ್ಮ ಮದುವೆಯೂಟದಲ್ಲಿ ಬೀಗರ ಪಂಕ್ತಿ ನೋಡಿಕೊಳ್ಳುವವನ ಮುಖ ಹೀಗೇ ಇರುತ್ತದೆ. ವ್ಯಾನಿನ ಮುದುಕರಿಗೆ ಕುರಿಯ ತಲೆ ಸಿಕ್ಕಿತು. ಇದ್ದವರಲ್ಲಿ ಅವರೇ ಹಿರಿಯರು. ಬೆರ್ಮೆತ್‌ಗೆ ಬಾಗಿಲ ಹತ್ತಿರ ಜಾಗ. ಅವರ ಪಕ್ಕದಲ್ಲೇ ಕೂತೆ. ಈ ಸಲ ತಿಳಿದೇ ಕೂತೆ.

ಇಮಾಮ್ ಇಪ್ಪತ್ತೆಂಟು, ಮೂವತ್ತರ ಯುವಕ, ತೆಳ್ಳನೆಯ ಗಡ್ಡ. ಕಾಗದವನ್ನು ಮೊಣಕಾಲ ಮೇಲೆ ಇಟ್ಟುಕೊಂಡು ಒಂದನೇ ತರಗತಿಯ ಮಗುವಿನ ಹಾಗೆ ಅಕ್ಷರಕ್ಕೆ ಬೆರಳಿಟ್ಟು ಕೂಡಿಸತೊಡಗಿದ. ಮೊದಲ ಹೆಸರಿಗೆ ಬಹಳ ಹೊತ್ತು ಹಿಡಿಯಿತು. ಎರಡನೆಯದರಲ್ಲಿ ನೀರಿನ ಕಲೆ. ಮೂರು ಬೇಗ ಬಂತು. ನಾಲ್ಕು. ಐದು. ಹಿರಿಯರು ಪ್ರತಿ ಹೆಸರಿಗೂ ತಲೆಯಾಡಿಸುತ್ತಿದ್ದರು. ಬೆರ್ಮೆತ್ ತಟ್ಟೆ ಮುಟ್ಟಿರಲಿಲ್ಲ.

ಆರನೆಯದರಲ್ಲಿ ಅವನು ನಿಂತ. ಮಾವನ ಮುಖ ನೋಡಿದ. ಮತ್ತೆ ಕಾಗದ ನೋಡಿದ.

"ಐ" ಎಂದ. "ಐಸು. ಐಸುಲು. ಐಸುಲು ಹನ್ನೊಂದು ಚಳಿಗಾಲ ಜನವನ್ನ ಹಿಡಿದಳು."

ಯಾರೂ ತಲೆಯಾಡಿಸಲಿಲ್ಲ.

"ಸರಿಯಾಗಿ ನೋಡು" ಎಂದ ತೆಮಿರ್‌ಬೆಕ್. "ಅಲ್ಲಿ ಮಗನ ಹೆಸರಿರ್ಬೇಕು."

"ಮಗನ ಹೆಸರಿದೆ ಮಾವ. ಕೆಳಗಿನ ಸಾಲಲ್ಲಿದೆ. ಆಮೇಲೆ ಐಸುಲು ಮಗ ಅಂತ."

"ಇನ್ನೊಂದ್ಸಲ ಓದು."

"ಎಷ್ಟು ಸಲ ಓದಿದ್ರೂ ಅದೇ ಇರುತ್ತೆ. ನಾನು ಬರೆದಿದ್ದಲ್ಲ ಇದು."

ಆಗ ಕುರಿತಲೆಯ ಮುಂದೆ ಕೂತಿದ್ದ ಹಿರಿಯರು ಕೆಮ್ಮಿದರು. ಮೇಲಿನ ದಂಡೆಯ ಆ ಹಿರಿಯರು ಏನು ಹೇಳುತ್ತಾರೋ ಎಂದು ಗುಡಾರ ಕಾದಿತು.

"ನಾವು ಚಿಕ್ಕವರಿದ್ದಾಗ ಅತ್ರೆ ನಮ್ಮಜ್ಜಿ ಹೆದರಿಸ್ತಿದ್ರು. ಸುಮ್ನಿರು, ಐಸುಲು ಬರ್ತಾಳೆ, ಕುದುರೆ ಮೇಲೆ ಬರ್ತಾಳೆ ಅಂತ. ಇಷ್ಟು ವರ್ಷ ಅದು ಗುಮ್ಮ ಅನ್ಕೊಂಡಿದ್ದೆ." ಟೋಪಿ ಸರಿಮಾಡಿಕೊಂಡು ಸೇರಿಸಿದರು: "ನಮ್ಮೋರು ದಾರಿ ಮುಚ್ಚಿದ್ರಲ್ಲ, ಅದಕ್ಕೆ ಬಂದಿದ್ಲು ಅನ್ಸುತ್ತೆ."

ಮೊದಲು ನಕ್ಕವನು ಇಮಾಮ್. ಆಮೇಲೆ ಕೆಳಗಿನ ದಂಡೆಯವರು. ಮೇಲಿನವರಲ್ಲಿ ಇಬ್ಬರು ತಟ್ಟೆ ಬಿಟ್ಟು ಎದ್ದು ಹೋದರು. ಬೆರ್ಮೆತ್ ನಗಲೂ ಇಲ್ಲ, ಏಳಲೂ ಇಲ್ಲ. ಕನ್ನಡಕ ತೆಗೆದು ಸೆರಗಿನಂಥ ತಲೆವಸ್ತ್ರದ ತುದಿಯಿಂದ ಒರೆಸಿ ಹಾಕಿಕೊಂಡರು. ಮೂಳೆ ಕೈಗೆತ್ತಿಕೊಂಡು ಊಟ ಶುರು ಮಾಡಿದರು.

ಪುಸ್ತಕ ನನ್ನ ಮುಂದೆ ಬಂತು. ಕನ್ನಡದಲ್ಲೇ ಬರೆದೆ: ಈ ಲಿಪಿ ನನಗೆ ಓದಲು ಬಾರದು. ಇಮಾಮ್ ಓದಿದ್ದನ್ನು ಕೇಳಿದ್ದೇನೆ. ಬೆರಳಚ್ಚಿನ ಪ್ರತಿಯಲ್ಲಿ ಒಂದು ಸಾಲು ಬಿಟ್ಟುಹೋಗಿದೆ. ಆ ಸಾಲು ಇದು. ಸಾಲನ್ನೂ ಬರೆದು, ಚೈತ್ರಾಳಿಂದ ಅದರ ಕೆಳಗೆ ರಷ್ಯನ್ನಿನಲ್ಲಿ ಬರೆಸಿ, ಎಲ್ಲವನ್ನೂ ಒಮ್ಮೆ ಓದಿ ಸಹಿ ಮಾಡಿದೆ.

ಹೊರಗೆ ಬಂದಾಗ ಬೆರ್ಮೆತ್ ನನ್ನ ತೋಳು ಹಿಡಿದರು.

"ನೀವು ನನ್ನನ್ನ ನಂಬಿರ್ಲಿಲ್ಲ."

"ಇಲ್ಲ" ಎಂದೆ.

"ನಮ್ಮನೇಲಿ ಮೂರು ದಿನ ಇದ್ದೂ."

"ಹೌದು."

ತೋಳು ಬಿಡಲಿಲ್ಲ. "ಬರೆಯೋವಾಗ ಅದನ್ನೂ ಬರೀರಿ" ಎಂದರು. ಬರೆದಿದ್ದೇನೆ.

ನಾಲ್ಕನೇ ದಿನ, ಕಲ್ಲಿನ ಮುಂದೆ

ಕಲ್ಲು ಆಳೆತ್ತರ, ಬೂದು ಬಣ್ಣ. ಕಲ್ಲುಕುಟಿಗ ಎರಡೂ ಕಡೆ ಏಳೇಳು ಗೆರೆಗಳನ್ನು ಸೀಮೆಸುಣ್ಣದಲ್ಲಿ ಎಳೆದು ಮುಗಿಸಿ ಉಳಿ ಹಿಡಿದು ಕೂತಿದ್ದ. ಅರ್ಧ ಊರು ಸೇರಿತ್ತು. ಹಿಂದಿನ ದಿನ ಎದ್ದು ಹೋದ ಇಬ್ಬರೂ ದೂರದಲ್ಲಿ ನಿಂತಿದ್ದರು.

ತೆಮಿರ್‌ಬೆಕ್ ರಾತ್ರಿಯೆಲ್ಲ ಯೋಚಿಸಿ ಒಂದು ದಾರಿ ಹುಡುಕಿದ್ದ. ಐಸುಲು ಹೆಸರನ್ನು ಎಲ್ಲಕ್ಕಿಂತ ಕೆಳಗೆ, ಹುಲ್ಲಿನ ಮಟ್ಟದಲ್ಲಿ, ಚಿಕ್ಕ ಅಕ್ಷರದಲ್ಲಿ ಹಾಕೋಣ ಎಂದ. ಗೌರವಕ್ಕೆ ಗೌರವವೂ ಆಯಿತು, ಗೆರೆ ಏಳೇ ಉಳಿಯಿತು.

"ಅವಳು ಐದನೇವ್ನ ಆದ್ಮೇಲೆ ಬಂದೋಳು, ಅಲ್ಲೇ ಬರ್ಬೇಕು" ಎಂದರು ಬೆರ್ಮೆತ್. "ಬೇರೆಯೋರದ್ದು ಎಷ್ಟು ದೊಡ್ಡ ಅಕ್ಷರವೋ ಅಷ್ಟೇ ದೊಡ್ಡದು."

"ಅಲ್ಲಿ ಜಾಗ ಎಲ್ಲಿದೆ ಎಜೆ? ನೀವೇ ನೋಡಿ" ಎಂದ ಕಲ್ಲುಕುಟಿಗ. ನಿಜಕ್ಕೂ ಜಾಗವಿರಲಿಲ್ಲ. ಗೆರೆಗಳು ಒತ್ತೊತ್ತಾಗಿದ್ದವು.

ಬೆರ್ಮೆತ್ ಕಲ್ಲಿನ ಹತ್ತಿರ ಹೋಗಿ, ಕನ್ನಡಕ ಸರಿಮಾಡಿಕೊಂಡು, ಏಳೂ ಗೆರೆಗಳನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ಒಂದು ಮಾತು ಹೇಳಿದರು. ಜನ ಹೋ ಎಂದು ನಕ್ಕರು. ನಾನು ಚೈತ್ರಾಳ ಕಡೆ ತಿರುಗಿದೆ.

"ಗಂಡಸ್ರು ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಲಿ ಅಂತಿದ್ದಾರೆ ಅತ್ತೆ."

ಕಲ್ಲುಕುಟಿಗ ತೆಮಿರ್‌ಬೆಕ್‌ನನ್ನು ನೋಡಿದ. ಅವನು ಬೇಡ ಎನ್ನದಿದ್ದುದನ್ನು ಕಂಡು, ಒದ್ದೆ ಬಟ್ಟೆ ತೆಗೆದುಕೊಂಡು ಕೆಳಗಿನ ದಂಡೆಯ ಏಳು ಗೆರೆಗಳನ್ನೂ ಒರೆಸಿಹಾಕಿದ. ಅಳತೆಪಟ್ಟಿ ಇಟ್ಟು ಮೊದಲಿನಿಂದ ಎಳೆಯತೊಡಗಿದ. ಎಂಟು.

ತೆಮಿರ್‌ಬೆಕ್ ಆ ಎಂಟನ್ನು ನೋಡಿದ, ತನ್ನ ಕಡೆಯ ಏಳನ್ನು ನೋಡಿದ. ಆಮೇಲೆ ಮೆಲ್ಲಗೆ ಹೋಗಿ ವ್ಯಾನಿನ ಮುದುಕರ ಪಕ್ಕ ನಿಂತು ಅವರ ಕಿವಿಯ ಹತ್ತಿರ ಬಗ್ಗಿದ.

"ಏನಂತೆ?" ಎಂದೆ.

ಚೈತ್ರಾ ನಗು ತಡೆದುಕೊಂಡು ಹೇಳಿದಳು: "ತಾತ, ನಮ್ಮ ಕಡೆ ಅಂಥಾ ಹೆಂಗಸ್ರು ಯಾರಾದ್ರೂ ಇದ್ರಾ? ಚೆನ್ನಾಗಿ ಯೋಚ್ನೆ ಮಾಡಿ ಹೇಳಿ ಅಂತಿದ್ದಾನೆ."